ಸಕ್ಕರೆ ಕಾರ್ಖಾನೆಯಿಂದ ರಾಯಭಾರಿ ಪದವಿಗೆ

ಉದ್ಯೋಗದಲ್ಲಿರುವವರು ನಿವೃತ್ತಿಯ ಲೆಕ್ಕ ಹಾಕುವ ವಯಸ್ಸಿನಲ್ಲಿ ಎಲ್ಸ್‌ವರ್ತ್ ಬಂಕರ್ ಹೊಸ ವೃತ್ತಿಗೆ ಕಾಲಿಟ್ಟರು. 1951ರಲ್ಲಿ ಅಮೆರಿಕದ ರಾಯಭಾರಿಯಾಗಿ ಅರ್ಜೆಂಟೀನಾಕ್ಕೆ ಹೊರಟಾಗ ಅವರಿಗೆ 57ನೆಯ ವರ್ಷ ನಡೆಯುತ್ತಿತ್ತು. ಅಲ್ಲಿಯವರೆಗೆ ಅವರದು ಸಕ್ಕರೆ ವ್ಯಾಪಾರ.

ಬಂಕರ್ ಹುಟ್ಟಿದ್ದು 1894ರಲ್ಲಿ, ನ್ಯೂಯಾರ್ಕ್ ರಾಜ್ಯದ ಯಾಂಕರ್ಸ್‌ನಲ್ಲಿ. 1916ರಲ್ಲಿ ಯೇಲ್ ವಿಶ್ವವಿದ್ಯಾಲಯದ ಪದವಿ ಪಡೆದರು. ತಂದೆ ನ್ಯಾಷನಲ್ ಶುಗರ್ ರಿಫೈನಿಂಗ್ ಕಂಪನಿಯ ಸ್ಥಾಪಕರಲ್ಲೊಬ್ಬರು. ಯಜಮಾನರ ಮಗನಾದರೂ ಕಾರ್ಮಿಕನಾಗಿಯೇ ಕೆಲಸ ಆರಂಭಿಸಿ, ಹಂತಹಂತವಾಗಿ ಮೇಲೇರಿ 1940ರಲ್ಲಿ ಕಂಪನಿಯ ಅಧ್ಯಕ್ಷರಾದರು. ಕಚ್ಚಾ ಸಕ್ಕರೆ ಹೊರದೇಶಗಳಿಂದ ಬರಬೇಕು. ಬೆಲೆ, ಆಮದು ಕೋಟಾ ಎಲ್ಲಕ್ಕೂ ಮಾತುಕತೆಯೇ ಆಧಾರ. ತಾಳ್ಮೆಯಿಂದ ಕೇಳುವ ಅಭ್ಯಾಸ ಅಲ್ಲಿಯೇ ಗಟ್ಟಿಯಾಯಿತು.

ರಾಯಭಾರಿಯಾಗಲು ಅವರನ್ನು ಕರೆದವರು ಅಂದಿನ ವಿದೇಶಾಂಗ ಸಚಿವ ಡೀನ್ ಅಚೆಸನ್, ಯೇಲ್ ದಿನಗಳ ಗೆಳೆಯ. ಸ್ನೇಹ ಬಾಗಿಲು ತೆರೆಯಿತೆಂಬುದು ನಿಜ. ಆದರೆ ಮುಂದೆ ಬೇರೆ ಬೇರೆ ಪಕ್ಷಗಳ ಅಧ್ಯಕ್ಷರೂ ಅವರನ್ನೇ ಹುಡುಕಿಕೊಂಡು ಬಂದದ್ದು ಕೆಲಸ ನೋಡಿ.

ಇಟಲಿಯ ನಂತರ, 1957ರಿಂದ 1961ರವರೆಗೆ ಅವರು ಭಾರತದಲ್ಲಿ ರಾಯಭಾರಿ. ನೆಹರೂ ಆಡಳಿತದ ಆ ದಿನಗಳಲ್ಲಿ ಆಹಾರದ ಕೊರತೆ ದೇಶವನ್ನು ಕಾಡುತ್ತಿತ್ತು. 1960ರ ಮೇ 4ರಂದು ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಮತ್ತು ಭಾರತದ ಆಹಾರ ಸಚಿವ ಎಸ್.ಕೆ. ಪಾಟೀಲ್ ವಾಷಿಂಗ್ಟನ್ನಿನಲ್ಲಿ ಪಿ.ಎಲ್. 480 ಒಪ್ಪಂದಕ್ಕೆ ಸಹಿ ಹಾಕಿದರು. ನಾಲ್ಕು ವರ್ಷಗಳಲ್ಲಿ 160 ಲಕ್ಷ ಟನ್ ಗೋಧಿ, 10 ಲಕ್ಷ ಟನ್ ಅಕ್ಕಿ. ಬೆಲೆಯನ್ನು ರೂಪಾಯಿಯಲ್ಲೇ ತೆರುವ ಅವಕಾಶ.

1962ರಲ್ಲಿ ಪಶ್ಚಿಮ ನ್ಯೂಗಿನಿಗಾಗಿ ಹಾಲೆಂಡ್ ಮತ್ತು ಇಂಡೋನೇಷ್ಯಾ ಯುದ್ಧದ ಅಂಚಿಗೆ ಬಂದಾಗ ಬಂಕರ್ ಮಧ್ಯಸ್ಥರಾದರು. ಪ್ರದೇಶವನ್ನು ಮೊದಲು ವಿಶ್ವಸಂಸ್ಥೆಗೆ, ಬಳಿಕ ಇಂಡೋನೇಷ್ಯಾಕ್ಕೆ ಒಪ್ಪಿಸುವ ಅವರ ಸೂತ್ರದಿಂದ ಯುದ್ಧ ತಪ್ಪಿತು. ಆದರೆ ಆ ನೆಲದ ಪಾಪುವನ್ನರಿಗೆ ಮಾತುಕತೆಯ ಮೇಜಿನಲ್ಲಿ ಸ್ಥಾನವಿರಲಿಲ್ಲ. 1969ರಲ್ಲಿ ಜನಾಭಿಪ್ರಾಯದ ಹೆಸರಿನಲ್ಲಿ ಕೇಳಿದ್ದೂ ಸುಮಾರು ಸಾವಿರ ಆಯ್ದ ಪ್ರತಿನಿಧಿಗಳನ್ನಷ್ಟೇ. ಆ ಕೊರಗು ಇಂದಿಗೂ ಆರಿಲ್ಲ.

1967ರಿಂದ 1973ರವರೆಗೆ ಅವರು ಸೈಗಾನಿನಲ್ಲಿದ್ದರು. ಉದ್ವೇಗಕ್ಕೆ ಒಳಗಾಗದ ಸ್ವಭಾವ ಕಂಡು ವಿಯೆಟ್ನಾಮೀಯರು ಅವರನ್ನು 'ರೆಫ್ರಿಜರೇಟರ್' ಎಂದು ಕರೆದರು. ಯುದ್ಧ ನೀತಿಯನ್ನು ಬಂಕರ್ ಕೊನೆಯವರೆಗೂ ಸಮರ್ಥಿಸಿದರು. ಅವರು ಹಿಂದಿರುಗಿದ ಎರಡು ವರ್ಷಗಳಲ್ಲಿ ಸೈಗಾನ್ ಬಿದ್ದಿತು. ಶಾಂತ ಸ್ವಭಾವವಿದ್ದ ಮಾತ್ರಕ್ಕೆ ತೀರ್ಮಾನ ಸರಿಯಾಗಿರಬೇಕೆಂದಿಲ್ಲ.

ಆನಂತರವೂ ಅವರು ಸುಮ್ಮನೆ ಕೂರಲಿಲ್ಲ. ಪನಾಮಾ ಕಾಲುವೆಯನ್ನು ಪನಾಮಾಕ್ಕೆ ಮರಳಿಸುವ ಮಾತುಕತೆಯನ್ನು ವರ್ಷಗಟ್ಟಲೆ ನಡೆಸಿದರು. ಕೊನೆಯ ಹಂತದಲ್ಲಿ ಜೊತೆಗೂಡಿದ ಸಾಲ್ ಲಿನೊವಿಟ್ಜ್ ಕೂಡ ಜೆರಾಕ್ಸ್ ಕಂಪನಿಯಿಂದ ರಾಯಭಾರಕ್ಕೆ ಬಂದವರೇ. 1977ರಲ್ಲಿ ಒಪ್ಪಂದಗಳಿಗೆ ಸಹಿಯಾದಾಗ ಬಂಕರ್‌ಗೆ 83 ವರ್ಷ. 1999ರ ಡಿಸೆಂಬರ್ 31ರಂದು ಕಾಲುವೆ ಪನಾಮಾದ ಕೈಸೇರಿತು. ಅದನ್ನು ನೋಡಲು ಬಂಕರ್ ಇರಲಿಲ್ಲ. 1984ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ ತೀರಿಕೊಂಡಿದ್ದರು.

ಒಂದು ಪರೀಕ್ಷೆಯ ಅಂಕಗಳಿಂದಲೇ ಮಕ್ಕಳ ಭವಿಷ್ಯ ತೀರ್ಮಾನವಾಯಿತೆಂದು ಕಳವಳಪಡುವ ತಂದೆತಾಯಿಗಳು ಬಂಕರ್ ಬದುಕನ್ನು ಒಮ್ಮೆ ನೆನೆಯಬಹುದು. ಮೂವತ್ತೈದು ವರ್ಷ ಸಕ್ಕರೆ ವ್ಯಾಪಾರದಲ್ಲಿ ಕಲಿತ ಪಾಠ ಅವರಿಗೆ ಮತ್ತೊಂದು ವೃತ್ತಿಯ ಬಂಡವಾಳವಾಯಿತು. ವಿದ್ಯಾರ್ಥಿಗಳು ಗಮನಿಸಬೇಕಾದ ಇನ್ನೊಂದು ಮಾತೂ ಇದೆ: ಮೇಜಿನ ಮುಂದೆ ಕುಳಿತವರ ಮಾತಿನಷ್ಟೇ, ಅಲ್ಲಿಗೆ ಬರಲಾಗದವರ ಮಾತನ್ನೂ ಕೇಳಿಸಿಕೊಳ್ಳಬೇಕು.