ಹೆಪ್ಪಿನ ಹಾರ

ಹಾಲಿಗೆ ಹೆಪ್ಪಿಲ್ಲವೆಂದು ಸಂಜೆಯ ವೇಳೆ ನೆರೆಮನೆಯ ಕದ ತಟ್ಟದಿರುವ ಗೃಹಿಣಿ ಕನ್ನಡ ನಾಡಿನಲ್ಲಿ ವಿರಳ. ಒಂದು ಚಮಚ ಮೊಸರಿಗೆ ಯಾರೂ ಲೆಕ್ಕವಿಡುವುದಿಲ್ಲ. ಇಂತಹುದೇ ಸಂಪ್ರದಾಯವೊಂದು ನಾರ್ವೆ ದೇಶದ ಪಶ್ಚಿಮ ಭಾಗದಲ್ಲಿ, ವಾಸ್ ಮೊದಲಾದ ಹಳ್ಳಿಗಾಡುಗಳಲ್ಲಿ, ತಲೆತಲಾಂತರದಿಂದ ನಡೆದು ಬಂದಿದೆ. ಅಲ್ಲಿ ಹೆಪ್ಪು ಹಾಲಿಗಲ್ಲ, ಬಿಯರಿಗೆ!

ಅಲ್ಲಿಯ ರೈತನಿಗೆ ಬಿಯರ್ ಕೇವಲ ಮೋಜಿನ ಪಾನೀಯವಾಗಿರಲಿಲ್ಲ. ಮದುವೆಗೂ ಅದು ಬೇಕು, ಉತ್ತರಕ್ರಿಯೆಗೂ ಬೇಕು. ಕ್ರಿಸ್‌ಮಸ್ ಹಬ್ಬಕ್ಕೆ ಬಿಯರ್ ಕಾಯಿಸದವನಿಗೆ ಮಧ್ಯಯುಗದ ಗುಲಾಟಿಂಗ್ ಕಾನೂನು ದಂಡವನ್ನೇ ವಿಧಿಸಿತ್ತು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಜುನಿಪರ್ ಕೊಂಬೆಗಳನ್ನು ನೆನೆಸಿದ ಬಿಸಿನೀರಿನಲ್ಲಿ ಕದಡಿದರೆ ಸಿಹಿರಸ ದೊರೆಯುತ್ತದೆ. ಆ ರಸವನ್ನು ಬಿಯರನ್ನಾಗಿಸುವುದು ಕಣ್ಣಿಗೆ ಕಾಣದ ಯೀಸ್ಟ್ ಜೀವಿಗಳು. ಆ ಭಾಗದ ಜನ ಇದನ್ನು ‘ಕ್ವೈಕ್’ ಎಂದು ಕರೆಯುತ್ತಾರೆ.

ಹುದುಗುವಾಗ ಯೀಸ್ಟ್ ಹಲವು ಮಡಿ ಬೆಳೆಯುತ್ತದೆ. ಕೆಲವು ಊರುಗಳಲ್ಲಿ ಮೇಲೆ ತೇಲುವ ನೊರೆಯನ್ನು, ಕೆಲವೆಡೆ ತಳದ ಗಸಿಯನ್ನು ತೆಗೆದಿಡುವುದು ವಾಡಿಕೆ. ಅದನ್ನು ಕಾಪಾಡುವ ಉಪಾಯ ಸೊಗಸಾದುದು. ಒಂದಕ್ಕೊಂದು ಹೆಣೆದ ಮರದ ತುಂಡುಗಳ ಹಾರವೊಂದನ್ನು ಅದರಲ್ಲಿ ಅದ್ದಿ, ತೂಗುಹಾಕಿ ಒಣಗಿಸುತ್ತಿದ್ದರು. ಸಂದುಗೊಂದುಗಳಲ್ಲಿ ಅಂಟಿದ ಯೀಸ್ಟ್ ತಿಂಗಳುಗಟ್ಟಲೆ ನಿದ್ರಿಸುವುದು. ಮುಂದಿನ ಸಲ ಆಗತಾನೆ ಕರೆದ ಹಾಲಿನಷ್ಟು ಬೆಚ್ಚಗಿರುವ ರಸದಲ್ಲಿ ಹಾರವನ್ನು ಇಳಿಬಿಟ್ಟರೆ ಸಾಕು, ಅದು ಎಚ್ಚರಗೊಳ್ಳುವುದು. ಆ ಸಮಯದಲ್ಲಿ ದುಷ್ಟಶಕ್ತಿಗಳು ಓಡಲೆಂದು ಗಟ್ಟಿಯಾಗಿ ಕೂಗುವ ಪದ್ಧತಿಯೂ ಉಂಟು. ಮಾಮೂಲಿ ಯೀಸ್ಟಿಗೆ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ತಂಪು ಹಿತವಾದರೆ, ಕ್ವೈಕ್ 30ರಿಂದ 40 ಡಿಗ್ರಿಯ ಶಾಖದಲ್ಲಿಯೂ ಉತ್ಸಾಹದಿಂದ ದುಡಿಯುತ್ತದೆ.

ಸೂಕ್ಷ್ಮದರ್ಶಕವಿಲ್ಲದ ರೈತನು ಅದರ ಶುದ್ಧಿಯನ್ನು ಅರಿಯುತ್ತಿದ್ದುದು ಮೂಗು ನಾಲಗೆಗಳಿಂದಲೇ. ಹುಳಿ ವಾಸನೆ ಬಂದರೆ ನಿರ್ದಾಕ್ಷಿಣ್ಯವಾಗಿ ಚೆಲ್ಲಿ ನೆರೆಯವನಲ್ಲಿ ಕೇಳುತ್ತಿದ್ದನು. ಆ ನೆರೆಯವನದು ಹಿಂದೊಮ್ಮೆ ಇವನ ಮನೆಯಿಂದಲೇ ಹೋದುದಿರಬಹುದು. ಹೀಗೆ ಕೊಟ್ಟದ್ದು ಕೊಟ್ಟವನಿಗೇ ಕಾವಲಾಯಿತು.

1883ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್, ಒಂದೇ ಕೋಶದಿಂದ ಶುದ್ಧ ಯೀಸ್ಟನ್ನು ಬೆಳೆಸಿ ಬಿಯರ್ ತಯಾರಿಕೆಗೆ ಒದಗಿಸಿದನು. ಕಾರ್ಖಾನೆಗಳಿಗೆ ಅದು ವರವಾಯಿತು. ಆದರೆ ಅಂಗಡಿಯಲ್ಲಿ ಯೀಸ್ಟ್ ಸುಲಭವಾಗಿ ಸಿಗತೊಡಗಿದಂತೆ, ಇಪ್ಪತ್ತನೆಯ ಶತಮಾನದಲ್ಲಿ ನಾರ್ವೆಯ ಅನೇಕ ಮನೆಗಳ ಹಾರಗಳು ಮೂಲೆ ಸೇರಿದವು. ಒಣಗಿದ ಯೀಸ್ಟಿಗೂ ಆಯುಷ್ಯದ ಮಿತಿಯುಂಟು. ಮತ್ತೆ ಮತ್ತೆ ದುಡಿಸದಿದ್ದರೆ ಅದು ಸಾಯುತ್ತದೆ. ಸುತ್ತಮುತ್ತ ಯಾರೂ ಉಳಿಸಿಕೊಳ್ಳದಿದ್ದಲ್ಲಿ ಆ ವಂಶವೇ ಅಳಿಯಿತು.

ಹಟಹಿಡಿದ ಕೆಲವು ಕುಟುಂಬಗಳು ಮಾತ್ರ ಹಳೆಯ ಕ್ವೈಕನ್ನೇ ಬಳಸುತ್ತ ಬಂದವು. 2018ರಲ್ಲಿ ಕೆನಡದ ಗ್ವೆಲ್ಫ್ ವಿಶ್ವವಿದ್ಯಾನಿಲಯದ ಸಂಶೋಧಕರೂ ಅವರ ಸಹೋದ್ಯೋಗಿಗಳೂ ಇವುಗಳ ಅನುವಂಶಿಕ ಗುಣಗಳನ್ನು ಪರೀಕ್ಷಿಸಿ, ಇವು ಬಿಯರ್ ಯೀಸ್ಟುಗಳಲ್ಲಿಯೇ ಒಂದು ಪ್ರತ್ಯೇಕ ಬಳಗವೆಂದು ಪ್ರಕಟಿಸಿದರು. ಆ ಮನೆಗಳವರಿಗೆ ಅನುವಂಶಿಕತೆಯ ಶಾಸ್ತ್ರ ತಿಳಿದಿರಬೇಕಾಗಿರಲಿಲ್ಲ. ಒಳ್ಳೆಯದನ್ನು ಆರಿಸಿಕೊಂಡರು, ಕೆಟ್ಟದ್ದನ್ನು ಚೆಲ್ಲಿದರು, ಕೇಳಿದವರಿಗೆ ಕೊಟ್ಟರು. ಇಂದು ದೂರದೇಶಗಳ ಮನೆಗಳಲ್ಲಿ ಬಿಯರ್ ತಯಾರಿಸುವ ಹವ್ಯಾಸಿಗಳು ಅದೇ ಕ್ವೈಕಿನ ಗಸಿಯನ್ನು ತೆಗೆದು, ಒಣಗಿಸಿ, ಗೆಳೆಯರಿಗೆ ಹಂಚುತ್ತಿದ್ದಾರೆ. ಬಚ್ಚಿಟ್ಟರೆ ಬಾಡುವ, ಹಂಚಿದರೆ ಬಾಳುವ ಸಂಪತ್ತುಗಳಲ್ಲಿ ಇದೂ ಒಂದು.