ದೊರೆಯ ಬಂಗಲೆ, ಹುಡುಗರ ಪಾಲು

ದೊಡ್ಡವರ ಜಮೀನು ಕೈಬಿಟ್ಟಾಗ ಯಾರ ಪಾಲಾಗುತ್ತದೆ? ದುಡ್ಡಿದ್ದವರ ಪಾಲು, ಇನ್ಯಾರ ಪಾಲು ಅಂತ ಅಂಗಡಿ ಕಟ್ಟೆ ಮೇಲೆ ಕೂತವರು ಥಟ್ಟನೆ ಹೇಳಿಬಿಡುತ್ತಾರೆ. ಅದು ಅರ್ಧ ನಿಜ. ಉಳಿದ ಅರ್ಧ ತಿಳಿಯಬೇಕಾದರೆ ಜಪಾನಿನ ರಾಜಧಾನಿ ಟೋಕಿಯೋದ ಮೆಜಿರೊದಾಯ್ ದಿಣ್ಣೆಯ ಕಡೆ ನೋಡಬೇಕು.

ಆ ದಿಣ್ಣೆಯ ಮೇಲೆ 'ವಾಕೆಯ್‌ಜುಕು' ಎಂಬ ವಿದ್ಯಾರ್ಥಿನಿಲಯ ಇದೆ. ಯಾವುದೋ ಒಂದು ಕಾಲೇಜಿನ ಹಾಸ್ಟೆಲ್ ಅಲ್ಲ. ಹತ್ತಾರು ವಿಶ್ವವಿದ್ಯಾನಿಲಯಗಳ ಹುಡುಗರು, ಪರದೇಶದವರೂ ಸೇರಿ, ಒಂದೇ ಆವರಣದಲ್ಲಿ ಉಂಡು ಮಲಗಿ ಓದಿದ ಜಾಗ. ನೆಲ ಮಾತ್ರ ದೊರೆಗಳದು. ಕುಮಾಮೊಟೊ ಸೀಮೆ ಆಳಿದ ಹೊಸೊಕಾವಾ ಮನೆತನದ ಎಸ್ಟೇಟು. ಆ ವಂಶದ ಮಾರ್ಕ್ವಿಸ್ ಮೊರಿತಾತ್ಸು 1936ರಲ್ಲಿ ಕಟ್ಟಿಸಿದ ಬಂಗಲೆ ಹಾಸ್ಟೆಲಿನ ಪಕ್ಕದಲ್ಲೇ ನಿಂತಿದೆ. ಈಗ ಅದು ಟೋಕಿಯೋ ಸರ್ಕಾರದ ಸಂರಕ್ಷಿತ ಕಟ್ಟಡ.

ಯುದ್ಧ ಸೋತ ಜಪಾನಿನಲ್ಲಿ ದೊರೆತನಕ್ಕೆ ಎರಡು ಪೆಟ್ಟು ಬಿತ್ತು. 1946ರ ಆಸ್ತಿ ತೆರಿಗೆ ಭಾರೀ ಕುಳಗಳ ಮೇಲೆ ನೂರಕ್ಕೆ 90ರವರೆಗೂ ಏರಿತು. 1947ರ ಸಂವಿಧಾನ ಬಿರುದು ಬಾವಲಿಗಳನ್ನೇ ರದ್ದು ಮಾಡಿತು. ದೊಡ್ಡ ದೊಡ್ಡ ಮನೆತನಗಳ ಅಂಗಳ ಮಾರಾಟಕ್ಕೆ ಬಂತು.

1955ರಲ್ಲಿ ಮಾಯೆಕಾವಾ ಕಿಸಾಕು ಎಂಬ ಉದ್ಯಮಿ ಮುಂದೆ ಬಂದ. ಶೈತ್ಯಯಂತ್ರ ಮಾಡಿ ಮೇಲೆ ಬಂದ ಆಸಾಮಿ. ಹೊಸೊಕಾವಾ ಎಸ್ಟೇಟಿನಲ್ಲಿ ಸುಮಾರು 7 ಸಾವಿರ ತ್ಸುಬೊ, ಅಂದರೆ ಹೆಚ್ಚುಕಡಿಮೆ ಐದೂಮುಕ್ಕಾಲು ಎಕರೆ ಕೊಂಡ. ಸೈಟು ಮಾಡಿ ಹಂಚಲಿಲ್ಲ, ಹಾಸ್ಟೆಲ್ ಮಾಡಿದ.

ಪಕ್ಕದ ಎಸ್ಟೇಟಿನ ಕಥೆಯನ್ನೂ ನೋಡಿ. ಅದು ಪ್ರಧಾನಿಯಾಗಿದ್ದ ಯಮಗಾತಾ ಅರಿತೊಮೊ ಮಾಡಿಸಿದ 'ಚಿನ್‌ಜಾನ್‌ಸೊ' ತೋಟ. 1952ರಲ್ಲಿ ಅದು ಊಟದ ಮನೆಯಾಯಿತು. ಆಮೇಲೆ ಮದುವೆಗೆ ಹೆಸರಾಯಿತು, ದೊಡ್ಡ ಹೋಟೆಲೂ ಎದ್ದಿತು. ದಿಣ್ಣೆ ಒಂದೇ, ಕಾಲವೂ ಒಂದೇ. ಒಂದು ಕಡೆ ಮದುವೆಯ ಬಿಲ್ಲು, ಇನ್ನೊಂದು ಕಡೆ ಹುಡುಗರ ಪುಸ್ತಕ. ಹೊಸೊಕಾವಾ ಎಸ್ಟೇಟಿನ ಇನ್ನೊಂದು ತುಂಡು ಸಾರ್ವಜನಿಕ ಉದ್ಯಾನವಾಗಿದೆ, ಒಳಗೆ ಹೋಗಲು ಟಿಕೇಟಿಲ್ಲ.

ಹಾಗಂತ ಹಾಸ್ಟೆಲ್ ಸ್ವರ್ಗ ಅಂತೇನೂ ಅಲ್ಲ. ಕಾದಂಬರಿಕಾರ ಹರುಕಿ ಮುರಕಾಮಿ 1968ರಲ್ಲಿ ವಸೇದಾ ವಿಶ್ವವಿದ್ಯಾನಿಲಯ ಸೇರಿದಾಗ ಇಲ್ಲಿದ್ದ. ಹೆಚ್ಚು ದಿನ ನಿಲ್ಲಲಿಲ್ಲ. 1987ರ 'ನಾರ್ವೀಜಿಯನ್ ವುಡ್' ಕಾದಂಬರಿಯಲ್ಲಿ ಇದರದೇ ನೆರಳಿನ ಒಂದು ಹಾಸ್ಟೆಲ್ ಬರುತ್ತದೆ. ಬೆಳಗಾದರೆ ಬಾವುಟ, ರಾಷ್ಟ್ರಗೀತೆ, ಶಿಸ್ತು. ಓದಿದರೆ ನಗು ಬರುತ್ತದೆ. ಜಾಗ ಕೊಟ್ಟವನು ಪಾಠವನ್ನೂ ಹೇಳುತ್ತಾನೆ. ದಾನದ ಹಸುವಿನ ಹಲ್ಲು ಎಣಿಸಬಾರದು ಅನ್ನುತ್ತಾರೆ, ಆದರೆ ಹುಡುಗರು ಎಣಿಸುತ್ತಾರೆ!

ನಿಜವಾದ ಪ್ರಶ್ನೆ ಮುಂದಿನದು. 1992ರಲ್ಲಿ ಜಪಾನಿನಲ್ಲಿ 18 ವರ್ಷದವರು ಸುಮಾರು 20 ಲಕ್ಷ ಇದ್ದರು. ಈಗ ಅದು ಹೆಚ್ಚುಕಡಿಮೆ 11 ಲಕ್ಷಕ್ಕೆ ಇಳಿದಿದೆ. ಹುಡುಗರು ಕಡಿಮೆ, ನೆಲಕ್ಕೆ ಚಿನ್ನದ ಬೆಲೆ. ಯಾವ ಹಾಸ್ಟೆಲಿನ ಲೆಕ್ಕಪತ್ರಕ್ಕೂ ಇದು ನಿದ್ದೆಗೆಡಿಸುವ ಮಾತು.

ವಾಕೆಯ್‌ಜುಕುವಿಗೆ ಒಂದು ಬೇಲಿ ಇದೆ. ಅದು ಯಾರ ಮನೆಯ ಸ್ವತ್ತೂ ಅಲ್ಲ, ಸಾರ್ವಜನಿಕ ಹಿತದ ಪ್ರತಿಷ್ಠಾನ. 2008ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ಇಂಥ ಸಂಸ್ಥೆ ಮಾನ್ಯತೆ ಕಳೆದುಕೊಂಡರೆ, ಸಾರ್ವಜನಿಕ ಹಿತಕ್ಕೆಂದು ಇಟ್ಟ ಆಸ್ತಿಯಲ್ಲಿ ಉಳಿದದ್ದನ್ನು ಅಂಥದೇ ಸಂಸ್ಥೆಗೋ ಸರ್ಕಾರಕ್ಕೋ ಒಪ್ಪಿಸಬೇಕು. ಮೊಮ್ಮಕ್ಕಳು ಹಂಚಿಕೊಂಡು ತಿನ್ನುವಂತಿಲ್ಲ.

ಪುಣ್ಯಾತ್ಮರು ಎಲ್ಲ ಊರಲ್ಲೂ ಹುಟ್ಟುತ್ತಾರೆ, ಸಾಯುತ್ತಾರೆ. ದೊರೆಯ ಬಿರುದು ಒಂದು ಕಾನೂನಿನಿಂದ ಹೋಯಿತು. ಹುಡುಗರ ಹಾಸಿಗೆ ಉಳಿಯುವುದಿದ್ದರೂ ಕಾಗದದ ಬಲದಿಂದಲೇ. ದಾನ ಕೊಡುವವರು ಕೈ ಎತ್ತುವ ಮುಂಚೆ ಪತ್ರ ಸರಿಯಾಗಿ ಬರೆಸಿದ್ದರೆ, ಅರ್ಧ ಕೆಲಸ ಆದ ಹಾಗೆ.