ಹಿರೀಸಾವೆಯ ಪ್ರಶ್ನೆ ದಿಲ್ಲಿಗೆ ಹೋಗಬೇಕು

ಮುಂದಿನ ಸಲ ನಮ್ಮ ಎಂಪಿ ಹಿರೀಸಾವೆಗೆ ಬಂದಾಗ ದಯವಿಟ್ಟು ಹಾರ, ಶಾಲು, ಪೇಟ ತರಬೇಡಿ. ಒಂದು ಚೀಟಿ ತನ್ನಿ. ಅದರಲ್ಲಿ ಒಂದೇ ಒಂದು ಪ್ರಶ್ನೆ ಬರೆದಿರಲಿ. ಬಸ್ ಶೆಲ್ಟರಿನದಲ್ಲ, ಸಮುದಾಯ ಭವನದ್ದಲ್ಲ, ಮಗನ ವರ್ಗಾವಣೆಯದಂತೂ ಅಲ್ಲವೇ ಅಲ್ಲ. ಲೋಕಸಭೆಯಲ್ಲಿ ಎದ್ದು ನಿಂತು ಕೇಂದ್ರದ ಮಂತ್ರಿಯನ್ನು ಕೇಳಬೇಕಾದ ಪ್ರಶ್ನೆ.

ನಾವು ಎಂಪಿಯನ್ನು ಅಳೆಯುವ ರೀತಿ ಬಹಳ ದಿನದಿಂದ ಕೆಟ್ಟಿದೆ. ಮದುವೆಗೆ ಬಂದರಾ, ತಿಥಿಗೆ ಬಂದರಾ, ಫೋನ್ ಎತ್ತಿದರಾ, ಗುದ್ದಲಿ ಪೂಜೆಗೆ ನಮ್ಮ ಊರಿನ ಹೆಸರು ಸೇರಿಸಿದರಾ, ಇಷ್ಟೇ ಲೆಕ್ಕ. ಅವರು ದಿಲ್ಲಿಯಲ್ಲಿ ಏನು ಕೇಳಿದರು, ಏನು ಉತ್ತರ ಬಂತು, ಬಾರದಿದ್ದರೆ ಮತ್ತೆ ಕೇಳಿದರಾ ಎಂದು ವಿಚಾರಿಸಿದವರನ್ನು ಈ ಹೆದ್ದಾರಿ ಬದಿಯ ಯಾವ ಟೀ ಅಂಗಡಿಯಲ್ಲೂ ನಾನು ಕಂಡಿಲ್ಲ. ಹೀಗೆ ಕೇಳದೇ ಬಿಟ್ಟದ್ದಕ್ಕೆ ನಮ್ಮ ಹಾಸನ ಜಿಲ್ಲೆ ತೆತ್ತ ಬೆಲೆ ಸಣ್ಣದಲ್ಲ. 2024ರ ಏಪ್ರಿಲ್ 26ರಂದು ನಾವು ಸಾಲಿನಲ್ಲಿ ನಿಂತು ಮತ ಹಾಕಿದೆವು. ಅದರ ಬೆನ್ನಿಗೇ ಅಂದಿನ ಸಂಸದ ಪ್ರಜ್ವಲ್ ರೇವಣ್ಣ ರಾಜತಾಂತ್ರಿಕ ಪಾಸ್‌ಪೋರ್ಟ್ ಹಿಡಿದು ಜರ್ಮನಿಗೆ ಹೊರಟುಹೋದರು. 2025ರ ಆಗಸ್ಟ್‌ನಲ್ಲಿ ಅತ್ಯಾಚಾರ ಪ್ರಕರಣವೊಂದರಲ್ಲಿ ವಿಶೇಷ ನ್ಯಾಯಾಲಯ ಅವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಆ ಪಾಸ್‌ಪೋರ್ಟ್ ನಮ್ಮ ಮತದಿಂದ ಸಿಕ್ಕ ಪದವಿಗೆ ಕೊಟ್ಟದ್ದು. ನೊಂದ ಹೆಣ್ಣುಮಕ್ಕಳು ನಮ್ಮವರು. ಇದನ್ನು ಮರೆತು ಮುಂದಿನ ಮಾತಾಡಲು ನನ್ನಿಂದ ಆಗುವುದಿಲ್ಲ.

ಅದೇ ಚುನಾವಣೆಯಲ್ಲಿ ನಾವು ಕಾಂಗ್ರೆಸ್ಸಿನ ಶ್ರೇಯಸ್ ಪಟೇಲ್ ಅವರನ್ನು ಗೆಲ್ಲಿಸಿ ಕಳಿಸಿದೆವು. ಅವರು ಕೂತಿರುವುದು ವಿರೋಧ ಪಕ್ಷದ ಸಾಲಿನಲ್ಲಿ. "ಸರ್ಕಾರ ಅವರದಲ್ಲ, ಅವರ ಕೈಲಿ ಏನಾಗುತ್ತೆ ಬಿಡಿ" ಎಂಬ ಮಾತು ಆಗಲೇ ಶುರುವಾಗಿದೆ. ಇದು ಸೋಮಾರಿ ಮಾತು. ಆಡಳಿತ ಪಕ್ಷದ ಸದಸ್ಯ ತನ್ನ ಮಂತ್ರಿಯನ್ನು ಮುಜುಗರಕ್ಕೆ ಸಿಕ್ಕಿಸಲು ಹಿಂಜರಿಯುತ್ತಾನೆ. ವಿರೋಧ ಪಕ್ಷದವರಿಗೆ ಆ ದಾಕ್ಷಿಣ್ಯ ಇಲ್ಲ. 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಹೋದ ಸೋಷಲಿಸ್ಟ್ ಜೆ.ಎಚ್. ಪಟೇಲರ ಹಿಂದೆ ಯಾವ ಸರ್ಕಾರವಿತ್ತು? ಆ ಸಾಲಿನಿಂದಲೇ ಎದ್ದು ಅವರು ಲೋಕಸಭೆಯಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಮಾತಾಡಿದರು. ಸ್ಪೀಕರ್ ಸಂಜೀವ ರೆಡ್ಡಿ ಮಾತಾಡಲು ಬಿಟ್ಟರು. ಇವತ್ತು ಕನ್ನಡದಲ್ಲಿ ಮಾತಾಡಿದರೆ ಭಾಷಾಂತರ ಮಾಡುವವರು ಅಲ್ಲೇ ಇದ್ದಾರೆ. ಇಂಗ್ಲಿಷ್ ಬಾರದೆ ಸುಮ್ಮನಿದ್ದೆವು ಎನ್ನುವ ನೆಪವೂ ಉಳಿದಿಲ್ಲ.

ಹಾಗಾದರೆ ಏನು ಕೇಳಬೇಕು? ನಾನು ಕಣ್ಣಾರೆ ಕಂಡದ್ದರಿಂದಲೇ ಶುರು ಮಾಡುತ್ತೇನೆ.

ನಮ್ಮ ಪಕ್ಕದ ಮನೆಯ ಅಜ್ಜಿಗೆ ಎಪ್ಪತ್ನಾಲ್ಕು. ಪೋಸ್ಟ್‌ಮ್ಯಾನ್ ಜಗಲಿ ಮೇಲೆ ಯಂತ್ರ ಇಟ್ಟು ಹೆಬ್ಬೆಟ್ಟು ಒತ್ತಿಸುತ್ತಾರೆ. ಒಂದು ಸಲ ಒತ್ತಿದರೆ ಬರುವುದಿಲ್ಲ. ರಾಗಿ ಹೊಲದಲ್ಲಿ ಕಳೆ ಕಿತ್ತು, ತೆಂಗಿನ ಗರಿ ಸೀಳಿ ಸೀಳಿ ಬೆರಳಿನ ಗೆರೆಗಳೇ ಸವೆದಿವೆ. ಸೆರಗಿನಲ್ಲಿ ಒರೆಸಿ, ಬಾಯಿಂದ ಊದಿ, ಮತ್ತೆ ಒತ್ತುತ್ತಾರೆ. ನಾಲ್ಕನೇ ಸಲಕ್ಕೆ ಹಸಿರು ದೀಪ. ಕೈಗೆ ಸಾವಿರದ ಇನ್ನೂರು ರೂಪಾಯಿ ವೃದ್ಧಾಪ್ಯ ವೇತನ. ಎಣಿಸಿ, ಮಾತ್ರೆಗೆ ಇಷ್ಟು, ಸೀಮೆಣ್ಣೆ ಕಾಲದ ಹಳೇ ಡಬ್ಬಿಗೆ ಇಷ್ಟು ಎಂದು ಎರಡು ಭಾಗ ಮಾಡುತ್ತಾರೆ. ಅದರಲ್ಲಿ ದಿಲ್ಲಿ ಸರ್ಕಾರದ ಪಾಲು ಎಷ್ಟು ಗೊತ್ತಾ ಅಜ್ಜಿ ಎಂದು ಒಂದು ದಿನ ಕೇಳಿದೆ. ಗೊತ್ತಿರಲಿಲ್ಲ. ಇನ್ನೂರು ಎಂದೆ.

"ಇನ್ನೂರಾ? ತಿಂಗ್ಳಿಗಾ?" ಎಂದರು. ಆಮೇಲೆ ಮಾತಾಡಲಿಲ್ಲ.

ಹೌದು, ತಿಂಗಳಿಗೆ. 60ರಿಂದ 79 ವರ್ಷದವರಿಗೆ ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನದಲ್ಲಿ ಕೇಂದ್ರ ಕೊಡುವುದು 200 ರೂಪಾಯಿ. 2007ರಲ್ಲಿ ಆ ಯೋಜನೆ ಶುರುವಾದಾಗ ಎಷ್ಟಿತ್ತೋ ಇಂದಿಗೂ ಅಷ್ಟೇ. ಎಂಬತ್ತು ದಾಟಿದರೆ 500. ವಿಧವೆಯರಿಗೆ, ಅಂಗವಿಕಲರಿಗೆ 300, ಅದೂ 2012ರಿಂದ ಕದಲಿಲ್ಲ. ಇದರಲ್ಲಿ ಒಂದೇ ಪಕ್ಷದ ತಪ್ಪಿಲ್ಲ. ಯುಪಿಎ ಸರ್ಕಾರವೂ ಇತ್ತು, ಎನ್‌ಡಿಎ ಸರ್ಕಾರವೂ ಇದೆ. ಹೆಚ್ಚಿಸಿ ಎಂದು ಸಂಸತ್ತಿನ ಸ್ಥಾಯಿ ಸಮಿತಿಯೇ ಮತ್ತೆ ಮತ್ತೆ ಹೇಳಿದೆ. ಈಗ ಇನ್ನೊಂದು ಲೆಕ್ಕ ಕೇಳಿ. ಸಂಸದರ ಸಂಬಳವನ್ನು ಬೆಲೆ ಏರಿಕೆಯ ಸೂಚ್ಯಂಕಕ್ಕೆ ಕಟ್ಟಿ 2018ರಲ್ಲೇ ಕಾನೂನು ಮಾಡಿಕೊಂಡರು. ಯಾರೂ ಧರಣಿ ಕೂರಬೇಕಿಲ್ಲ, ಅರ್ಜಿ ಕೊಡಬೇಕಿಲ್ಲ, ತಾನಾಗಿ ಏರುತ್ತದೆ. 2025ರ ಮಾರ್ಚ್‌ನಲ್ಲಿ ತಿಂಗಳಿಗೆ 1 ಲಕ್ಷದಿಂದ 1 ಲಕ್ಷ 24 ಸಾವಿರಕ್ಕೆ ಏರಿತು. ಬೆಲೆ ಏರಿದ್ದು ಸಂಸದರ ಮನೆಗೆ ಮಾತ್ರವೇ? ಅದೇ ಸಂತೆ, ಅದೇ ತೊಗರಿಬೇಳೆ, ಅದೇ ಬಿಪಿ ಮಾತ್ರೆ ಅಲ್ಲವೇ ಅಜ್ಜಿ ಕೊಳ್ಳುವುದೂ?

ಇನ್ನೊಂದು, ಎದೆಯ ಮಾತು. 2025ರ ಜೂನ್, ಜುಲೈ ತಿಂಗಳಲ್ಲಿ ಹಾಸನ ಎಂದರೆ ಇಡೀ ರಾಜ್ಯ ಹೆದರುವಂತಾಯಿತು. ಸುಮಾರು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಹೋದರೆಂದು ಸುದ್ದಿ. ಅವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದ ಸಾಲು. ಮುಖ್ಯಮಂತ್ರಿ ಸಿದ್ದರಾಮಯ್ಯ ಕೋವಿಡ್ ಲಸಿಕೆಯತ್ತ ಬೊಟ್ಟು ಮಾಡಿದರು. ಕೇಂದ್ರದ ಆರೋಗ್ಯ ಇಲಾಖೆ ಐಸಿಎಂಆರ್ ಮತ್ತು ಏಮ್ಸ್ ಅಧ್ಯಯನಗಳನ್ನು ಮುಂದಿಟ್ಟು ಸಂಬಂಧವಿಲ್ಲ ಎಂದಿತು. ಜಯದೇವ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ಪರಿಶೀಲಿಸಿ, ಸಾವಿನ ಸಂಖ್ಯೆಯಲ್ಲಿ ಅಸಹಜ ಏರಿಕೆ ಇಲ್ಲ ಎಂದು ವರದಿ ಕೊಟ್ಟಿತು. ವರದಿಯನ್ನು ನಾನು ಒಪ್ಪುತ್ತೇನೆ. ಆದರೆ ಅಸಹಜವಲ್ಲ ಎಂಬುದೇ ನನ್ನ ಎದೆ ನಡುಗಿಸಿದ್ದು. ಹಾಗಾದರೆ ಪ್ರತಿ ವರ್ಷವೂ ಇಷ್ಟು ಜನ ಹೋಗುತ್ತಿದ್ದರು, ನಾವು ಎಣಿಸಿರಲಿಲ್ಲ ಎಂದೇ ತಾನೇ ಅರ್ಥ?

ನಮ್ಮ ಬೀದಿಯ ಆಟೋ ಹುಡುಗನೊಬ್ಬನನ್ನು ರಾತ್ರಿ ಒಯ್ದದ್ದು ನೆನಪಿದೆ. ಎದೆ ಉರಿ ಎಂದ, ಗ್ಯಾಸ್ಟ್ರಿಕ್ ಇರಬೇಕು ಎಂದು ಸೋಡಾ ಕುಡಿಸಿದರು. ಬೆವರು ನಿಲ್ಲಲಿಲ್ಲ. ಹತ್ತಿರದ ಆಸ್ಪತ್ರೆಗೆ ಹೋದರೆ ಇಸಿಜಿ ತೆಗೆಯುವವರು ಬೆಳಿಗ್ಗೆ ಬರುತ್ತಾರೆ ಎಂದರು. ಅಲ್ಲಿಂದ ಮುಂದಕ್ಕೆ ಕಾರಿನಲ್ಲಿ, ಹೆದ್ದಾರಿಯ ಲಾರಿಗಳ ನಡುವೆ, ಅವನ ಹೆಂಡತಿ ಒಂದೇ ಸಮನೆ ಅಂಗೈ ಉಜ್ಜುತ್ತಿದ್ದಳು. ಅವನು ಉಳಿದ, ದೇವರು ದೊಡ್ಡವನು. ಮೊದಲ ಒಂದು ಗಂಟೆಯಲ್ಲಿ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಬಿದ್ದರೆ ಜೀವ ಉಳಿಯುತ್ತದೆ ಎಂದೇ ರಾಜ್ಯ ಸರ್ಕಾರ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ತಂದಿತು. ಇಂಥ ಯೋಜನೆಗೆ ದೇಶದ ಮಟ್ಟದಲ್ಲಿ ಹಣ ಎಷ್ಟು, ರಾತ್ರಿ ಹೊತ್ತು ಇಸಿಜಿ ತೆಗೆಯಲು ಪ್ರತಿ ಹೋಬಳಿಗೆ ಒಬ್ಬರಾದರೂ ಯಾವಾಗ, ಇದನ್ನು ಕೇಂದ್ರದ ಮಂತ್ರಿಯಿಂದ ಲಿಖಿತವಾಗಿ ಪಡೆಯಬೇಕು. ದಿಲ್ಲಿಯಲ್ಲಿ ವಿರೋಧ ಪಕ್ಷದಲ್ಲಿರುವವರು ಬೆಂಗಳೂರಿನಲ್ಲಿ ಆಡಳಿತ ಪಕ್ಷದವರು ಎಂಬುದನ್ನೂ ನಾನು ಮರೆತಿಲ್ಲ. ಅದೇ ಪ್ರಶ್ನೆಯನ್ನು ತಮ್ಮವರಿಗೂ ಕೇಳುವ ಧೈರ್ಯ ಅವರಿಗಿರಬೇಕು.

ಲಿಖಿತ ಉತ್ತರದಿಂದ ಏನು ಲಾಭ ಎನ್ನುತ್ತೀರಾ? 2021ರ ಮೇ ತಿಂಗಳ ಚಾಮರಾಜನಗರವನ್ನು ನೆನೆಯಿರಿ. ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಸಿಗದೆ ಒಂದೇ ದಿನದೊಳಗೆ 24 ಜನ ಸತ್ತ ಸುದ್ದಿಗೆ ನಾಡೇ ಮರುಗಿತು. ಜುಲೈ 20ರಂದು ರಾಜ್ಯಸಭೆಯಲ್ಲಿ ಕಾಂಗ್ರೆಸ್ಸಿನ ಕೆ.ಸಿ. ವೇಣುಗೋಪಾಲ್ ಆಮ್ಲಜನಕದ ಕೊರತೆಯಿಂದಾದ ಸಾವುಗಳ ಬಗ್ಗೆ ಪ್ರಶ್ನೆ ಕೇಳಿದರು. ಅಂಥ ಸಾವು ಎಂದು ರಾಜ್ಯಗಳು ನಿರ್ದಿಷ್ಟವಾಗಿ ವರದಿ ಮಾಡಿಲ್ಲ ಎಂದು ಕೇಂದ್ರ ಉತ್ತರಿಸಿತು. ಚಾಮರಾಜನಗರದ ತಾಯಂದಿರಿಗೆ ಆ ಉತ್ತರ ಹೇಗೆ ಕೇಳಿಸಿರಬೇಕು! ಆದರೆ ಒಂದು ಪ್ರಶ್ನೆಯಿಂದಲೇ ಅಲ್ಲವೇ ಎರಡೂ ಸರ್ಕಾರಗಳ ನಡೆ ಬಯಲಾದದ್ದು? ರಾಜ್ಯ ಬರೆಯಲಿಲ್ಲ, ಕೇಂದ್ರ ಕೇಳಲಿಲ್ಲ. ಆ ಪುಟ ಸಂಸತ್ತಿನ ದಾಖಲೆಯಲ್ಲಿ ಉಳಿದಿದೆ, ಯಾರೂ ಅಳಿಸಲಾರರು.

ವಿದೇಶಾಂಗ ನೀತಿ ದೊಡ್ಡವರ ಮಾತು, ನಮಗೇಕೆ ಎನ್ನುವವರು ಒಂದು ಬೆಳಗ್ಗೆ ಡೈರಿಯ ಮುಂದೆ ನಿಲ್ಲಿ. ಆರು ಗಂಟೆಗೆ ಹೆಂಗಸರು ಕ್ಯಾನು ಹಿಡಿದು ಸಾಲಾಗಿ ಬರುತ್ತಾರೆ. ಡಿಗ್ರಿ ನೋಡುತ್ತಾರೆ, ಫ್ಯಾಟು ನೋಡುತ್ತಾರೆ, ಚೀಟಿ ಕೈಗೆ ಬರುತ್ತದೆ. ಬೂಸಾ, ಹಿಂಡಿ ಕಳೆದು ಉಳಿದದ್ದರಲ್ಲೇ ಮಕ್ಕಳ ಫೀಸು. ಆರ್‌ಸಿಇಪಿ ಎಂಬ ಹಲವು ದೇಶಗಳ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಭಾರತ ಸಹಿ ಹಾಕಿದ್ದರೆ ನ್ಯೂಜಿಲೆಂಡಿನ ಹಾಲಿನ ಪುಡಿ ಅಗ್ಗದಲ್ಲಿ ಬಂದು ಈ ಕ್ಯಾನುಗಳ ಮುಂದೆ ನಿಲ್ಲುತ್ತಿತ್ತು. ರೈತ ಸಂಘಗಳು, ಹಾಲು ಒಕ್ಕೂಟಗಳು, ವಿರೋಧ ಪಕ್ಷಗಳು ಕೂಗೆಬ್ಬಿಸಿದವು. 2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಪ್ರಧಾನಿ ಮೋದಿ ಹಿಂದೆ ಸರಿದರು. ಸರಿಯಾದದ್ದನ್ನೇ ಮಾಡಿದರು. ಆದರೆ ಅಪಾಯ ಮುಗಿದಿಲ್ಲ. 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಸರಕಿನ ಮೇಲೆ ಶೇ 50ರಷ್ಟು ಸುಂಕ ಹೇರಿದಾಗ ಮಾತುಕತೆಯಲ್ಲಿ ತೊಡಕಾಗಿದ್ದ ವಿಷಯಗಳಲ್ಲಿ ಹಾಲೂ ಒಂದು.

ನಮ್ಮ ಸಂವಿಧಾನದ ಪ್ರಕಾರ ಇಂಥ ಒಪ್ಪಂದಕ್ಕೆ ಸಹಿ ಹಾಕಲು ಸರ್ಕಾರ ಸಂಸತ್ತಿನ ಮತ ಪಡೆಯಬೇಕಿಲ್ಲ. ಸಹಿ ಬಿದ್ದ ಮೇಲೆ ನಮಗೆ ಗೊತ್ತಾಗುತ್ತದೆ. ಹಾಗಿರುವಾಗ ಮಾತುಕತೆ ಎಲ್ಲಿಗೆ ಬಂತು, ಹಾಲನ್ನು ಹೊರಗಿಟ್ಟಿದ್ದೀರಾ ಎಂದು ಮುಂಚೆಯೇ ಕೇಳುವ ದಾರಿ ಸದನದ ಪ್ರಶ್ನೆ. ಹಾಸನದವರಿಗೆ ದೇಶದಾಚೆಯ ಮಾತು ಹೊಸದಂತೂ ಅಲ್ಲ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ದೇವೇಗೌಡರು ವಿಧಾನಸಭೆಯಲ್ಲಿ ವಿರೋಧ ಪಕ್ಷದ ನಾಯಕರಾಗಿ ವರ್ಷಗಟ್ಟಲೆ ಸರ್ಕಾರವನ್ನು ಪ್ರಶ್ನಿಸಿ ಬೆಳೆದವರು. ಪ್ರಧಾನಿಯಾಗಿ 1996ರ ಡಿಸೆಂಬರ್ 12ರಂದು ಬಾಂಗ್ಲಾದೇಶದ ಜೊತೆ ಗಂಗಾ ನೀರಿನ ಒಪ್ಪಂದಕ್ಕೆ 30 ವರ್ಷಗಳ ಅವಧಿಗೆ ಸಹಿ ಹಾಕಿದವರೂ ಅವರೇ.

ಈಗ ಎರಡೂ ಕಡೆಯವರಿಗೆ ನನ್ನ ನೋವು ಹೇಳಬೇಕು. 2025ರ ಮುಂಗಾರು ಅಧಿವೇಶನ ಜುಲೈ 21ಕ್ಕೆ ಶುರುವಾಯಿತು, ಹಾಸನದ ಮನೆಗಳಲ್ಲಿ ಸೂತಕ ಆರುವ ಮುಂಚೆ. ಲೋಕಸಭೆಯಲ್ಲಿ 120 ಗಂಟೆ ಚರ್ಚೆ ಎಂದು ಗೊತ್ತುಮಾಡಿ 37 ಗಂಟೆ ನಡೆಸಿದರು. ಪಟ್ಟಿಯಲ್ಲಿದ್ದ 419 ನಕ್ಷತ್ರ ಗುರುತಿನ ಪ್ರಶ್ನೆಗಳಲ್ಲಿ ಸದನದಲ್ಲಿ ಬಾಯಿಮಾತಿನ ಉತ್ತರ ಸಿಕ್ಕಿದ್ದು 55ಕ್ಕೆ. ವಿರೋಧ ಪಕ್ಷಗಳು ಕೇಳಿದ ಬಿಹಾರದ ಮತದಾರರ ಪಟ್ಟಿ ಪರಿಷ್ಕರಣೆಯ ಚರ್ಚೆ ಆಗಲೇಬೇಕಿತ್ತು. ಅದನ್ನು ಒಪ್ಪದ ಸರ್ಕಾರದ ಹಟವೂ ತಪ್ಪು. ಆದರೆ ವಿರೋಧ ಪಕ್ಷದ ಗೆಳೆಯರೇ, ಫಲಕ ಹಿಡಿದು ಅಂಗಳಕ್ಕೆ ಇಳಿದಾಗ ಮುಳುಗಿದ ಮೊದಲ ಗಂಟೆ ಪ್ರಶ್ನೋತ್ತರದ್ದು. ಮಂತ್ರಿ ತಪ್ಪಿಸಿಕೊಳ್ಳಲಾಗದ ಒಂದೇ ಒಂದು ಗಂಟೆಯನ್ನು ಗದ್ದಲಕ್ಕೆ ಕೊಟ್ಟರೆ ನೆಮ್ಮದಿಯಾಗುವುದು ಮಂತ್ರಿಗೆ. 2023ರ ಡಿಸೆಂಬರಿನಲ್ಲಿ ಎರಡೂ ಸದನಗಳಿಂದ 146 ಸದಸ್ಯರನ್ನು ಅಮಾನತು ಮಾಡಿದ ಸರ್ಕಾರಕ್ಕೂ ಇದೇ ಮಾತು: ಕೇಳುವವರನ್ನು ಆಚೆ ಹಾಕಿ ಖಾಲಿ ಬೆಂಚಿಗೆ ಕೊಟ್ಟ ಉತ್ತರ ಉತ್ತರವಲ್ಲ.

ಪ್ರಶ್ನೆ ಸದನಕ್ಕೆ ಹೋಗಬೇಕಾದರೆ ಹದಿನೈದು ದಿನ ಮುಂಚೆ ಕೊಡಬೇಕು. ಚೀಟಿ ಎತ್ತಿ ಆಯ್ಕೆ ಮಾಡುತ್ತಾರೆ. ಬಾಯಿಮಾತಿನ ಉತ್ತರಕ್ಕೆ ದಿನಕ್ಕೆ 20, ಲಿಖಿತ ಉತ್ತರಕ್ಕೆ 230. ಬಾರದಿದ್ದರೆ ಮತ್ತೆ ಕೊಡಬೇಕು, ಮತ್ತೆ ಮತ್ತೆ. ಡೈರಿಯ ಸಭೆಯಲ್ಲಿ, ಗ್ರಾಮಸಭೆಯಲ್ಲಿ, ಸ್ತ್ರೀಶಕ್ತಿ ಸಂಘದಲ್ಲಿ ಕೂತು ಬರೆಯೋಣ. ಕಾಂಗ್ರೆಸ್, ದಳ, ಬಿಜೆಪಿ ಎಂಬ ಭೇದ ಅಲ್ಲಿ ಬೇಡ. ಉತ್ತರ ಬಂದ ದಿನ ಅದನ್ನು ಪಂಚಾಯ್ತಿ ಗೋಡೆಗೆ ಅಂಟಿಸೋಣ.

ಮೊದಲ ಚೀಟಿ ಸಿದ್ಧವಾಗಿದೆ. ಅಜ್ಜಿ ಹೇಳಿದರು, ನಾನು ಬರೆದೆ, ಕೆಳಗೆ ಅವರು ಹೆಬ್ಬೆಟ್ಟು ಒತ್ತಿದರು. ಕಾಗದದ ಮೇಲೆ ಒಂದೇ ಸಲಕ್ಕೆ ಬಂತು.

"ಬೆಲೆ ಏರಿದಾಗ ನಿಮ್ಮ ಸಂಬಳ ತಾನಾಗಿ ಏರುತ್ತಂತೆ ಸ್ವಾಮಿ. ನನ್ನ ಇನ್ನೂರು ಯಾವಾಗ ಏರುತ್ತೆ?"